ಸಾರಿ ಹೇಳುವ ಪಾಠ

ನಮ್ಮೂರಲ್ಲಿ ಯಾರೂ ಸುಮ್ಮಸುಮ್ಮನೆ ‘ತಪ್ಪಾಯ್ತು’ ಅನ್ನುವುದಿಲ್ಲ. ಸಂತೆಯಲ್ಲಿ ಒಬ್ಬರ ಕಾಲನ್ನು ಇನ್ನೊಬ್ಬರು ತುಳಿದರೆ ಇಬ್ಬರೂ ಒಂದು ಗಳಿಗೆ ಮುಖ ಮುಖ ನೋಡಿಕೊಳ್ಳುತ್ತಾರೆ. ತುಳಿದವರು ಚೀಲದಿಂದ ಒಂದು ಬಾಳೆಹಣ್ಣನ್ನೋ ಒಂದಿಷ್ಟು ಎಲೆಯಡಿಕೆಯನ್ನೋ ತೆಗೆದು ಕೈಗಿಟ್ಟು ಮುಂದೆ ಹೋಗುತ್ತಾರೆ. ಮನಸಾರೆ ತಪ್ಪಾಯ್ತು ಅಂದುಬಿಟ್ಟರೆ ತುಳಿಸಿಕೊಂಡವರ ನೋವು ತುಳಿದವರ ಕಾಲಿಗೆ ಬರುತ್ತದೆ. ಸಂತೆಯ ದಿನ ಕುಂಟುತ್ತ ಮನೆಗೆ ಹೋಗಲು ಯಾರಿಗೆ ಪುರುಸೊತ್ತು? ಗಾಯ ಇದ್ದಲ್ಲೇ ಇರುತ್ತದೆ, ನೋವು ಮಾತ್ರ ಆ ಮೈಯಿಂದ ಈ ಮೈಗೆ ಬರುತ್ತದೆ. ಮೈಯದಷ್ಟೇ ಅಲ್ಲ, ಮನಸ್ಸಿನದೂ ಬರುತ್ತದೆ. ತಪ್ಪು ಯಾರದು ಎಂಬುದನ್ನು ಅದು ವಿಚಾರಿಸುವುದಿಲ್ಲ. ಹೇಳಿದವರು ಮನಸ್ಸಿಟ್ಟು ಹೇಳಿರಬೇಕು, ಎದುರಿನವರ ಕಿವಿಗೆ ಅದು ಬಿದ್ದಿರಬೇಕು, ಅಷ್ಟೇ. ಹೊರಗಿನವರು ಇಲ್ಲಿಗೆ ಬಂದು ಹೇಳಿದರೂ ಹಾಗೆಯೇ. ಬಸ್ಸಿನ ಬಾಗಿಲು ಮೊಣಕೈಗೆ ಬಡಿದ ಮುದುಕಿಯನ್ನು ಕಂಡು ಕಣ್ಣಲ್ಲಿ ನೀರು ತಂದುಕೊಂಡು ತಪ್ಪಾಯ್ತು ಅಂದ ಬೇರೆ ಊರಿನ ಕಂಡಕ್ಟರ್ ಒಬ್ಬ, ತನ್ನ ಮೊಣಕೈ ಹಿಡಿದುಕೊಂಡೇ ಉಳಿದವರ ಟಿಕೆಟ್ ಹರಿದದ್ದನ್ನು ನಾನೇ ನೋಡಿದ್ದೇನೆ.

ಇದಕ್ಕೆ ಊರು ತನ್ನ ಪಾಡಿಗೆ ತಾನು ಹೊಂದಿಕೊಂಡಿದೆ. ಸೂಜಿ ಹಾಕಿಸಿದ ಕೂಸಿನ ಕಿವಿಯಲ್ಲಿ ತಾಯಂದಿರು ಒಂದು ಮಾತು ಉಸುರಿ, ನಗುವ ಕೂಸನ್ನು ಎತ್ತಿಕೊಂಡು, ತೋಳು ಜೋತುಬಿಟ್ಟುಕೊಂಡು ಮನೆಗೆ ಹೋಗುತ್ತಾರೆ. ಹೆಣ್ಣು ನೋಡಲು ಬಂದವರು ಅಡಿಗೆಯ ವಿಷಯ ಕೇಳುವ ಮೊದಲೇ ಅತ್ತೆಯ ಮಂಡಿನೋವನ್ನು ಯಾರು ತಗೊಳ್ಳುವುದು ಎಂಬ ಮಾತು ಮುಗಿಸಿಕೊಳ್ಳುತ್ತಾರೆ. ಹಲ್ಲುನೋವು ಬಂದ ಗಂಡಸರು ಮುಖ ಗಂಟು ಹಾಕಿಕೊಂಡು ಕೂತು, ಹೆಂಡತಿ ಸೋತು ತಪ್ಪಾಯ್ತು ಅನ್ನಲಿ ಎಂದು ಕಾಯುತ್ತಾರೆ. ಹೆಂಡತಿಯರೇನು ಕಡಿಮೆಯವರಲ್ಲ, ಲವಂಗದ ಡಬ್ಬಿ ತಂದು ಎದುರಿಗಿಟ್ಟು ಬಟ್ಟೆ ಒಗೆಯಲು ಹೋಗುತ್ತಾರೆ.

ಇಂಥ ಊರಿನಲ್ಲಿ ನಾನು ಇಂಗ್ಲಿಷ್ ಟೀಚರ್. ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ, ಬೆಂಚುಗಳು ಸದಾ ಸಣ್ಣಗೆ ನಡುಗುವ ಜಾಗದಲ್ಲಿ, ಆಫೀಸಿನ ಇಂಗ್ಲಿಷ್ ಕಲಿಸುತ್ತೇನೆ. ಸಂದರ್ಶನದಲ್ಲಿ ಹೇಗೆ ಕೂರಬೇಕು, ಮೇಲಧಿಕಾರಿಗೆ ಇಲ್ಲ ಅನ್ನದೆಯೇ ಇಲ್ಲ ಅನ್ನುವುದು ಹೇಗೆ, ಫೋನಿನಲ್ಲಿ ಬೈಯುವವರನ್ನು ಹೇಗೆ ತಣ್ಣಗಾಗಿಸಬೇಕು, ಇಂಥವು. ಕ್ಲಾಸು ತುಂಬುವುದು ನನ್ನ ಪಾಠದಿಂದ ಎಂದು ಬಹಳ ದಿನ ಜಂಬ ಪಟ್ಟುಕೊಂಡಿದ್ದೆ. ನಿಜವಾದ ಕಾರಣ ‘ಸಾರಿ’. ಇಂಗ್ಲಿಷಿನ ಸಾರಿಗೆ ಭಾರವಿಲ್ಲ, ಅದನ್ನು ಎಷ್ಟು ಸಲ ಅಂದರೂ ಮೈಗೆ ಏನೂ ತಾಕುವುದಿಲ್ಲ ಎಂದು ಊರಿಗೆ ಊರೇ ನಂಬಿತ್ತು. ಕಲಿತವರು ಬೀದಿಯಲ್ಲಿ ಸಾರಿ ಸಾರಿ ಅನ್ನುತ್ತ ಆರಾಮಾಗಿ ಕಾಲು ತುಳಿದು ಹೋಗುತ್ತಿದ್ದರು. ಭಾಷೆಯಲ್ಲಿ ಅಂಥದೇನೂ ಇಲ್ಲವೆಂದು ನನಗೆ ಆಗಲೇ ಗುಮಾನಿಯಿತ್ತು. ಯಾರೂ ಮನಸ್ಸಿಟ್ಟು ಹೇಳುತ್ತಿರಲಿಲ್ಲ, ನಾನೂ ಹಾಗೆ ಹೇಳಲು ಕಲಿಸಿರಲಿಲ್ಲ.

ಊರಾಚೆಯ ಹತ್ತಿ ಗೋದಾಮಿನಲ್ಲಿ ಒಂದು ವಿಮಾ ಕಂಪನಿ ಫೋನ್ ಆಫೀಸು ತೆರೆಯಿತು. ದೂರದೂರದ ಊರುಗಳಿಂದ ಜನ ಇಂಗ್ಲಿಷಿನಲ್ಲಿ ಫೋನ್ ಮಾಡುತ್ತಾರೆ. ಮನೆಯಲ್ಲಿ ಸಾವಾದವರು, ಅಪಘಾತದಲ್ಲಿ ಕೈಕಾಲು ಮುರಿದುಕೊಂಡವರು, ವಿಮೆಯ ಹಣ ಯಾಕೆ ಬರಲಿಲ್ಲ ಎಂದು ಕೇಳುವವರು. ನನ್ನ ವಿದ್ಯಾರ್ಥಿಗಳೇ ಅಲ್ಲಿ ಉತ್ತರ ಕೊಡುವವರು. ಮ್ಯಾನೇಜರ್ ಸಪ್ರೆ ಎನ್ನುವವನು. ದೊಡ್ಡ ಊರಿನಿಂದ ಬಂದವನು, ಮೂವತ್ತು ದಾಟಿರಲಿಕ್ಕಿಲ್ಲ, ಇಸ್ತ್ರಿ ಮುರಿಯದ ಅಂಗಿ, ಮಾತಿಗೆ ಮುಂಚೆ ನಗು. ಬಂದ ದಿನವೇ ನಮ್ಮವರು ಊರಿನ ರೀತಿಯನ್ನು ಅವನಿಗೆ ತಿಳಿಸಿದ್ದರು. ಅವನು ಚಹ ಲೋಟ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಅವನ ಬಾಯಲ್ಲಿ ದಿನವಿಡೀ ಸಾರಿ ಓಡಾಡುತ್ತಿತ್ತು, ಒಂದು ದಿನವೂ ಅವನಿಗೆ ತಲೆ ಕೂಡ ನೋಯಲಿಲ್ಲ.

ಕೆಲವು ತಿಂಗಳ ಮೇಲೆ ಅವನು ನನ್ನ ಗಿರಣಿಯ ಮೆಟ್ಟಿಲು ಹತ್ತಿ ಬಂದ. ನಮ್ಮ ಹುಡುಗರ ಇಂಗ್ಲಿಷ್ ಚೆನ್ನಾಗಿದೆಯಂತೆ, ಆದರೆ ಸಾರಿ ಅಂದಾಗ ದನಿಯಲ್ಲಿ ಜೀವವಿಲ್ಲವಂತೆ. ಎಂಪತಿ ಬೇಕು ಅಂದ. ಇನ್ನೊಬ್ಬರ ಕಷ್ಟ ತನ್ನದೇ ಎನ್ನುವಂತೆ ಕೇಳಿಸಬೇಕು. ಪರೀಕ್ಷೆ ಇಡುತ್ತಾರೆ, ಪಾಸಾದವರ ನೌಕರಿ ಕಾಯಂ, ಉಳಿದವರು ಮನೆಗೆ. ನಾನು ಒಂದು ಉಪಾಯ ಹುಡುಕಿದೆ. ಗದ್ದ ಸ್ವಲ್ಪ ತಗ್ಗಿಸಿ, ಉಸಿರು ಬಿಟ್ಟು, ಒಂದು ಕ್ಷಣ ತಡೆದು, ಸಾರಿಯನ್ನು ಮೆಲ್ಲಗೆ ಎಳೆಯಿರಿ. ಮನಸ್ಸಿನಲ್ಲಿ ಮಾತ್ರ ನಿನ್ನೆ ಉಂಡ ಊಟವನ್ನು ನೆನೆಯುತ್ತಿರಿ ಎಂದು ಹೇಳಿಕೊಟ್ಟೆ. ದನಿಗೆ ಬಿಸಿ ಬರಬೇಕು, ಎದೆಗೆ ಬರಬಾರದು. ಹುಡುಗರು ಜಾಣರು, ವಾರದೊಳಗೆ ಕಲಿತರು. ಹೋಳಿಗೆಯನ್ನು ನೆನೆಯುತ್ತ ಸತ್ತವರ ಮನೆಯವರಿಗೆ ಸಂತಾಪ ಹೇಳುವ ಪೂರಾ ಒಂದು ತಂಡ ನನ್ನ ಕೈಯಲ್ಲಿ ತಯಾರಾಯಿತು.

ಕಲಿಯದವಳು ಒಬ್ಬಳೇ, ಕಸ್ತೂರಿ. ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಡುವ ಬಾಳವ್ವನ ಮೊಮ್ಮಗಳು. ತಾಯಿ ತಂದೆ ಇಲ್ಲ, ಅಜ್ಜಿಯೇ ಸಾಕಿದ್ದು. ಇಂಗ್ಲಿಷಿನಲ್ಲಿ ಎಲ್ಲರಿಗಿಂತ ಮುಂದು. ಅವಳ ತೊಂದರೆ ಏನೆಂದರೆ, ಹೇಳುವ ಮಾತನ್ನು ಬಿಟ್ಟು ಬೇರೆಯದನ್ನು ಯೋಚಿಸಲು ಅವಳಿಗೆ ಬರುತ್ತಿರಲಿಲ್ಲ. ಒಂದು ದಿನ ಅಭ್ಯಾಸಕ್ಕೆಂದು ನಾನು ಸಿಟ್ಟಿನ ಗಿರಾಕಿಯಾದೆ, ಅವಳು ಫೋನಿನ ಹುಡುಗಿಯಾದಳು. ಬೋರ್ಡಿನ ಮೇಲೆ ಬರೆದು ಬರೆದು ಹೆಪ್ಪುಗಟ್ಟಿದ ನನ್ನ ಭುಜದ ನೋವನ್ನೇ ಗಿರಾಕಿಯ ದೂರು ಮಾಡಿಕೊಂಡು ಕೂಗಾಡಿದೆ. ಅವಳು ಪೂರಾ ಕೇಳಿದಳು. ಆಮೇಲೆ ಇಂಗ್ಲಿಷಿನಲ್ಲಿಯೇ, ಕೇಳಿ ತುಂಬಾ ಬೇಜಾರಾಯಿತು ಮೇಡಂ, ಸಾರಿ ಅಂದಳು. ನನ್ನ ಭುಜ ಹಗುರಾಯಿತು. ಅವಳ ಕೈಯಲ್ಲಿದ್ದ ಪೆನ್ನು ಕೆಳಗೆ ಬಿತ್ತು, ಅದನ್ನು ಎತ್ತಿಕೊಳ್ಳಲು ತೋಳು ಏಳಲಿಲ್ಲ.

ಅವತ್ತು ಎಲ್ಲರೂ ಹೋದ ಮೇಲೆ ಅವಳನ್ನು ಕೂರಿಸಿಕೊಂಡು ಈ ನೌಕರಿ ಬೇಡ ಅಂದೆ. ಬ್ಯಾಂಕಿನಲ್ಲಿ, ಶಾಲೆಯಲ್ಲಿ, ಎಲ್ಲಾದರೂ ನೋಡೋಣ, ನಾನೇ ಮಾತಾಡುತ್ತೇನೆ ಅಂದೆ. ಅವಳು ಎಡಗೈಯಿಂದ ಭುಜ ತಿಕ್ಕಿಕೊಳ್ಳುತ್ತ ನಕ್ಕಳು.

“ಅಜ್ಜಿ ಬೆನ್ನನೋವು ದಿನಾ ನಾನ ತೊಗೋತೀನ್ರಿ ಟೀಚರ್. ಮಗ್ಗಲಮನಿ ಕಾಕೂನ ತಲಿನೋವು ಬ್ಯಾರೆ. ಮನ್ಯಾಗ ಪುಕ್ಕಟೆ ತೊಗೊಳ್ಳೋದು, ಅಲ್ಲಿ ಪಗಾರ ಕೊಡ್ತಾರಲ್ರಿ.”

ಅವಳು ಪರೀಕ್ಷೆಗೆ ಹೋದಳು, ಎಲ್ಲರಿಗಿಂತ ಹೆಚ್ಚು ಅಂಕ ಪಡೆದಳು, ಕಾಯಂ ಆದಳು. ಸಪ್ರೆ ಪೇಡೆಯ ಡಬ್ಬಿ ಹಿಡಿದುಕೊಂಡು ಬಂದ. ಅವಳ ಫೋನಿಗೆ ಸಿಕ್ಕವರು ಬೈಯುತ್ತ ಶುರುಮಾಡಿ ಹರಸುತ್ತ ಮುಗಿಸುತ್ತಾರೆ, ಇಂಥವಳನ್ನು ತಾನು ಎಲ್ಲೂ ನೋಡಿಲ್ಲ ಅಂದ. ಮುಂದಿನ ಸಲ ಬಂದಾಗ ಅವನ ಖುಷಿ ಇನ್ನೂ ಹೆಚ್ಚಾಗಿತ್ತು. ನಿಮ್ಮ ಹಣ ಬರುವುದಿಲ್ಲ ಎಂದು ತಿಳಿಸಬೇಕಾದ ಫೋನುಗಳನ್ನೆಲ್ಲ ಈಗ ಅವಳಿಗೇ ತಿರುಗಿಸುತ್ತಿದ್ದರು. ಬೇರೆಯವರು ಹೇಳಿದರೆ ಜನ ಕೋರ್ಟಿಗೆ ಹೋಗುತ್ತೇವೆ ಅನ್ನುತ್ತಿದ್ದರು, ಮೇಲಿನವರಿಗೆ ಬರೆಯುತ್ತಿದ್ದರು. ಕಸ್ತೂರಿ ಹೇಳಿದರೆ ಸುಮ್ಮನಾಗುತ್ತಿದ್ದರು. ನೋವೇ ಹೋದ ಮೇಲೆ ಜಗಳಕ್ಕೆ ಬೇಕಾದ ಕಸುವು ಎಲ್ಲಿಂದ ಬರಬೇಕು? ಕಂಪನಿಗೆ ಉಳಿತಾಯವಾಗುತ್ತಿತ್ತು. ನಾನು ಅವನು ಕೊಟ್ಟ ಪೇಡೆಯನ್ನು ಡಬ್ಬಿಗೇ ವಾಪಸ್ಸಿಟ್ಟೆ. ಅವನಿಗೆ ಆಗಲೇ ಊರಿನ ರೀತಿಯನ್ನು ಇನ್ನೊಮ್ಮೆ ಹೇಳಿದೆ. ನಿಮ್ಮೂರಿನ ನಂಬಿಕೆಗಳ ಬಗ್ಗೆ ನನಗೆ ಗೌರವವಿದೆ ಮೇಡಂ ಅಂದ. ಗೌರವವಿದೆ ಎನ್ನುವ ಆ ವಾಕ್ಯವನ್ನು ನಾನೇ ಕ್ಲಾಸಿನಲ್ಲಿ ಕಲಿಸುತ್ತೇನೆ, ಅದರ ಅರ್ಥ ನನಗೆ ಗೊತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಬಾಳವ್ವ ನನ್ನ ಕೋಣೆಗೆ ಬಂದಳು. ಕೈಗೆ ಮೆತ್ತಿದ್ದ ಹಿಟ್ಟನ್ನು ಕೂಡ ತೊಳೆದುಕೊಂಡಿರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತು, ಪಾಠ ನಡೆಯುತ್ತಿದೆ ಎಂಬುದನ್ನೂ ಲೆಕ್ಕಿಸದೆ ಮಾತಾಡಿದಳು.

“ಅಕ್ಕೋರ, ಹುಡುಗಿ ಉಳಿಯೂದಿಲ್ಲ. ನಾ ತೊಗೋತೀನಿ ಅಂದ್ರ ಕಿವಿ ಮುಚ್ಚತಾಳ. ನೀವರ ಬರ್ರಿ.”

ಕ್ಲಾಸು ಬಿಟ್ಟು ಅವಳ ಹಿಂದೆ ಹೋದೆ. ಕಸ್ತೂರಿ ಒಳಗಿನ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಆಫೀಸಿನಿಂದ ತಂದ ಹೆಡ್‌ಸೆಟ್ಟನ್ನು ತಂತಿ ಸಮೇತ ಕಿವಿಗೆ ಬಿಗಿದುಕೊಂಡಿದ್ದಳು. ಅಜ್ಜಿಯ ಮಾತು ಕೇಳಿಸಬಾರದು ಎಂದು. ಕೇಳಿಸಿದರೆ ಇಷ್ಟೂ ಆ ಮುದುಕಿಯ ಮೈಗೆ ಹೋಗುತ್ತದೆ, ಅವಳು ಅದನ್ನು ಒಂದು ಗಳಿಗೆಯೂ ತಾಳಲಾರಳು. ಎಷ್ಟೋ ಮನೆಗಳ ಸಾವು ಆ ಹುಡುಗಿಯ ಮೈಯಲ್ಲಿತ್ತು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಉಸಿರಾಡುವಾಗ ಒಂದೊಂದು ಕಡೆ ಒಂದೊಂದು ಸಲ ಕೈ ಒತ್ತಿಕೊಳ್ಳುತ್ತಿದ್ದಳು. ನಾನು ಹೋಗಿ ಹೆಡ್‌ಸೆಟ್ ತೆಗೆದೆ. ನನ್ನನ್ನು ತಡೆಯುವ ಶಕ್ತಿ ಅವಳಿಗಿರಲಿಲ್ಲ. ಅವಳ ಕೈ ಹಿಡಿದು ತಪ್ಪಾಯ್ತು ಅಂದೆ. ಏನೂ ಆಗಲಿಲ್ಲ. ಮತ್ತೆ ಅಂದೆ. ನನ್ನ ದನಿ ನನಗೇ ಕೇಳಿಸುತ್ತಿತ್ತು. ಗದ್ದ ತಗ್ಗಿತ್ತು, ಉಸಿರು ಸರಿಯಾಗಿ ಬಿಟ್ಟಿದ್ದೆ, ತಡೆದ ಕ್ಷಣವೂ ಅಳತೆಯದಾಗಿತ್ತು. ಇಷ್ಟು ವರ್ಷ ಕಲಿಸಿ ಕಲಿಸಿ ಆ ಮಾತು ನನ್ನ ಬಾಯಲ್ಲಿ ಬರೀ ಪಾಠವಾಗಿತ್ತು. ಅವಳ ಕೈ ಹಿಡಿದುಕೊಂಡೇ ಅತ್ತೆ, ಆ ಅಳುವೂ ಅವಳ ಯಾವ ಉಪಯೋಗಕ್ಕೂ ಬರಲಿಲ್ಲ. ಕಸ್ತೂರಿ ನನ್ನ ಬೆನ್ನು ಸವರಿ, ಇರಲಿ ಬಿಡ್ರಿ ಟೀಚರ್ ಅಂದಳು. ಸೋಮವಾರ ತಾನು ಕೆಲಸಕ್ಕೆ ಹೋಗಲೇಬೇಕು, ಇಲ್ಲವಾದರೆ ಉಳಿದವರ ನೌಕರಿಯೂ ಹೋಗುತ್ತದಂತೆ ಅಂದಳು.

ಅದು ಅವಳ ಕಲ್ಪನೆಯಲ್ಲ. ಅದೇ ಸಂಜೆ ಸಪ್ರೆ ನನ್ನ ಕೋಣೆಗೆ ಬಂದ. ಈ ಸಲ ಪೇಡೆ ಇರಲಿಲ್ಲ. ಕಸ್ತೂರಿ ರಜೆ ಹಾಕಿದಾಗಿನಿಂದ ಜನ ಮತ್ತೆ ಕೂಗಾಡುತ್ತಿದ್ದರು, ಮೇಲಿನವರು ಅವನ ಮೇಲೆ ಕೂಗಾಡುತ್ತಿದ್ದರು.

“ಅವಳು ಏನು ಮಾಡ್ತಾಳೋ ಅದನ್ನ ಉಳಿದವರಿಗೂ ಕಲಿಸಿ ಮೇಡಂ. ಇಲ್ಲಾಂದ್ರೆ ಸೋಮವಾರದಿಂದ ಅವಳೇ ಬರಲಿ. ಎರಡೂ ಆಗಲ್ಲ ಅಂದ್ರೆ ಈ ಆಫೀಸನ್ನ ಇಲ್ಲಿಟ್ಟುಕೊಂಡು ನಾವು ಮಾಡೋದಾದ್ರೂ ಏನು?”

ಅವನು ಅದನ್ನು ಬೆದರಿಸಿ ಹೇಳಲಿಲ್ಲ. ನಗುತ್ತಲೇ, ಸಾರಿ ಮೇಡಂ, ನನ್ನ ಕೈಯಲ್ಲೇನೂ ಇಲ್ಲ ಎಂದು ಸೇರಿಸಿದ. ಕೆಳಗೆ ಗಿರಣಿ ಓಡುತ್ತಿತ್ತು, ಬೆಂಚು ನಡುಗುತ್ತಿತ್ತು. ನನ್ನ ಸಾರಿ ಕೆಲಸಕ್ಕೆ ಬಾರದ್ದು ಎಂದು ಈಗಷ್ಟೇ ಕಂಡುಕೊಂಡು ಬಂದಿದ್ದೆ. ಎದುರಿಗೆ ಇನ್ನೊಬ್ಬ ನನ್ನಂಥವನೇ ಕೂತಿದ್ದ. ಆದರೆ ನಾನು ಟೀಚರ್, ನನ್ನದನ್ನು ತಿದ್ದಿಕೊಳ್ಳಲು ನನಗೆ ಬರದಿದ್ದರೂ ಇನ್ನೊಬ್ಬರದನ್ನು ತಿದ್ದುವುದು ಗೊತ್ತು. ಕಲಿಸುತ್ತೇನೆ ಅಂದೆ. ಆದರೆ ಅಂಕ ಹಾಕುವವರು ನೀವು, ಮೊದಲು ನಿಮಗೆ ಬಂದರೆ ತಾನೇ ಉಳಿದವರದು ಸರಿಯೋ ತಪ್ಪೋ ಹೇಳುವುದು? ಭಾನುವಾರ ಕಸ್ತೂರಿಯ ಮನೆಯಲ್ಲೇ ಒಂದು ಪಾಠ ಇಟ್ಟುಕೊಳ್ಳೋಣ. ಅವಳು ಗಿರಾಕಿ, ನೀವು ಫೋನಿನ ಹುಡುಗ. ಅವನಿಗೆ ತನ್ನ ಇಂಗ್ಲಿಷಿನ ಮೇಲೆ ಬಹಳ ಅಭಿಮಾನ. ಕಲಿತರೆ ಉಳಿದ ಊರುಗಳ ಆಫೀಸುಗಳಿಗೂ ತಾನೇ ಕಲಿಸಬಹುದು ಎಂಬ ಆಸೆ ಬೇರೆ. ಒಪ್ಪಿಕೊಂಡ.

ಭಾನುವಾರ ಮಧ್ಯಾಹ್ನ ಅವನು ಬೂಟು ಬಿಚ್ಚಿ ಹೊಸ್ತಿಲ ಮೇಲೆ ನಿಂತಾಗ ಕೊನೆಯ ಸಲ ಎಚ್ಚರಿಸಿದೆ. ನೀವು ನಿಜವಾಗಿ ಕಲಿತುಬಿಟ್ಟರೆ ಅವಳದೆಲ್ಲ ನಿಮಗೆ ಬರುತ್ತದೆ ಅಂದೆ. ರಿಸಲ್ಟ್ ಬಂದರೆ ಸಾಕು ಎಂದು ಒಳಗೆ ಬಂದ. ಕಸ್ತೂರಿಯನ್ನು ಗೋಡೆಗೆ ಒರಗಿಸಿ ಕೂರಿಸಿದೆವು. ಅವಳಿಂದಲೂ ಇದನ್ನು ಮುಚ್ಚಿಟ್ಟಿರಲಿಲ್ಲ. ಸರ್‌ಗೆ ಇದು ಬರುವ ಮಾತಲ್ಲ ಎಂಬ ನಂಬಿಕೆಯಿಂದ ಅವಳು ಹೆಡ್‌ಸೆಟ್ ತೆಗೆದಿಟ್ಟಿದ್ದಳು. ಬಾಳವ್ವ ಒಲೆಯ ಮುಂದೆ ಕೂತು ಬೆನ್ನು ತಿರುಗಿಸಿಕೊಂಡಳು, ರೊಟ್ಟಿ ಬಡಿಯುವ ಸಪ್ಪಳ ಮಾತ್ರ ನಿಂತಿತ್ತು.

ಸಪ್ರೆ ಕಂಪನಿಯ ಹಾಳೆ ನೋಡಿಕೊಂಡು ಶುರುಮಾಡಿದ. ಹೆಸರು ಕೇಳಿದ, ನಂಬರು ಕೇಳಿದ, ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ, ಸಾರಿ ಅಂದ. ಏನೂ ಆಗಲಿಲ್ಲ. ನಾನು ತಡೆದೆ. ಅವಳು ಇನ್ನೂ ಹೇಳಿಯೇ ಇಲ್ಲ, ನಿಮಗೆ ಏನು ಅರ್ಥವಾಯಿತು? ಮತ್ತೆ ಮಾಡಿ. ಮತ್ತೆ ಮಾಡಿದ, ದನಿ ಇಳಿಸಿದ, ಹುಬ್ಬು ಸೇರಿಸಿದ. ನನ್ನ ಹುಡುಗರಿಗೆ ಕಲಿಸಿದ ಉಪಾಯಗಳೆಲ್ಲ ಅವನಿಗೆ ಮೊದಲೇ ಗೊತ್ತಿದ್ದವು. ಒಂದೊಂದನ್ನೇ ಬಿಡಿಸುತ್ತ ಹೋದೆ. ಹಾಳೆ ಕಸಿದುಕೊಂಡೆ. ಗದ್ದ ಎತ್ತಿ ಅಂದೆ. ಅವಳ ಮಾತು ಮುಗಿಯುವವರೆಗೆ ಬಾಯಿ ತೆರೆಯಬೇಡಿ, ತಲೆ ಕೂಡ ಆಡಿಸಬೇಡಿ ಅಂದೆ. ಅವನ ಕಿವಿ ಕೆಂಪಾಯಿತು. ಮಧ್ಯೆ ಒಮ್ಮೆ ಎದ್ದು ನಿಂತು ಇದು ಟೈಂ ವೇಸ್ಟ್ ಅಂದ. ಅವನು ಹೋಗಿಬಿಟ್ಟರೆ ಸೋಮವಾರ ಬೆಳಿಗ್ಗೆ ಈ ಹುಡುಗಿ ಆಫೀಸಿನ ಬಸ್ಸು ಹತ್ತುತ್ತಾಳೆ. ಟೀಚರ್ ಗತ್ತಿನಲ್ಲಿ, ಫೇಲಾಗಿ ಎದ್ದುಹೋಗುವವರನ್ನು ಬೇಕಾದಷ್ಟು ನೋಡಿದ್ದೇನೆ ಅಂದೆ. ಅವನು ಕೂತ.

ಅವನಿಗೆ ಒಂದು ಅಭ್ಯಾಸವಿತ್ತು. ಅಂಕ ಹಾಕಲು ಅವನು ಪ್ರತಿ ಫೋನಿನ ಧ್ವನಿಮುದ್ರಿಕೆಯಲ್ಲಿ ಮೊದಲ ನಮಸ್ಕಾರ ಕೇಳುತ್ತಿದ್ದ, ಕೊನೆಯ ನಮಸ್ಕಾರ ಕೇಳುತ್ತಿದ್ದ. ನಡುವಿನದನ್ನು ಕೇಳಲು ಯಾರಿಗೆ ಪುರುಸೊತ್ತು? ಆ ನಡುವಿನದನ್ನು ಹೇಳು ಎಂದು ಕಸ್ತೂರಿಗೆ ಹೇಳಿದೆ. ನಿನ್ನದಲ್ಲ, ಅವರದು. ಅವಳು ಕಣ್ಣು ಮುಚ್ಚಿ, ತಡೆತಡೆದು ಹೇಳತೊಡಗಿದಳು. ಗಾಡಿ ಕಲಿಯಲು ಹೋಗಿ ತಿರುಗಿ ಬರದ ಮಗನ ತಾಯಿ. ಬೆರಳು ಹೋದ ಕೈಯಿಂದಲೇ ಫೋನ್ ಹಿಡಿದವನು. ಸಪ್ರೆ ಕೇಳುತ್ತಿದ್ದ. ಕಾಲು ಅಲ್ಲಾಡುತ್ತಲೇ ಇತ್ತು. ಆಮೇಲೆ ಅವಳು ಒಬ್ಬ ಮುದುಕರ ಮಾತು ತೆಗೆದಳು. ಹೆಂಡತಿ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಆಸ್ಪತ್ರೆಯ ಚೀಟಿ ಇದೆಯೇ ಎಂದು ಕಸ್ತೂರಿ ಕೇಳಿದ್ದಳು.

“ಒಂದ್ ನಿಮಿಷ ತಡೀರಿ, ಎಲ್ಲಿಟ್ಟಾಳೋ ಕೇಳ್ತೀನಿ ಅಂದ್ರು. ಫೋನ್ ಬದಿಗಿಟ್ಟು ಹೆಂಡ್ತಿ ಹೆಸರು ಹಿಡದ ಕರೆದ್ರು. ಎರಡ ಸಲ ಕರೆದ್ರು. ಆಮ್ಯಾಲ ಸುಮ್ಮನಾದ್ರು.”

ಸಪ್ರೆಯ ಕಾಲು ನಿಂತಿತು. ಹಾಳೆ ಇರಲಿಲ್ಲವಾದ್ದರಿಂದ ಮುಂದೇನು ಕೇಳಬೇಕೆಂದು ಅವನಿಗೆ ತಿಳಿಯಲಿಲ್ಲ. ನಾನೂ ಏನೂ ಹೇಳಿಕೊಡಲಿಲ್ಲ. ತಾನಾಗಿಯೇ, ಆಮೇಲೆ ಚೀಟಿ ಸಿಕ್ಕಿತಾ ಎಂದು ಕೇಳಿದ.

“ಹುಡುಕಿದ್ರು ಸರ್. ನಾ ಲೈನಿನ ಮ್ಯಾಲ ಇದ್ದೆ. ಟ್ರಂಕ್ ತೆಗೆಯೋ ಸಪ್ಪಳಾ ಕೇಳಸ್ತಿತ್ತು. ಒಂದೊಂದ ಸೀರಿ ತೆಗದ ಹೊರಗ ಇಡಾಕತ್ತಿದ್ರು. ಇದು ಹಬ್ಬದ್ದು, ಇದು ಹಬ್ಬದ್ದು ಅಂತ ತಮ್ಮಷ್ಟಕ್ಕ ತಾವ ಅನ್ನಾಕತ್ತಿದ್ರು.”

ಸಪ್ರೆ ಕೈಯನ್ನು ಬಾಯಿಯ ಹತ್ತಿರ ಒಯ್ದ. ಅವನು ಅಂದದ್ದು ಇಂಗ್ಲಿಷಿನಲ್ಲಿರಲಿಲ್ಲ, ಪೂರ್ತಿ ವಾಕ್ಯವೂ ಆಗಿರಲಿಲ್ಲ. ನೆಲ ನೋಡುತ್ತ, ನಮಗ್ಯಾರಿಗೂ ಹೇಳದ ಹಾಗೆ, ಅಯ್ಯೋ ತಪ್ಪಾಯ್ತು ಅಂದ. ಅಷ್ಟೇ. ಆಮೇಲೆ ಕುರ್ಚಿಯಿಂದ ಮುಂದಕ್ಕೆ ಬಾಗಿ, ಎರಡೂ ಕೈಯಿಂದ ಎದೆ ಹಿಡಿದುಕೊಂಡು ನೆಲಕ್ಕೆ ಕುಸಿದ. ಮಂಚದ ಮೇಲೆ ಕಸ್ತೂರಿ ಉದ್ದಕ್ಕೆ ಉಸಿರೆಳೆದುಕೊಂಡಳು, ಎಷ್ಟೋ ದಿನದ ಮೇಲೆ ಪೂರಾ ಉಸಿರು. ಮುಖಕ್ಕೆ ರಕ್ತ ಬಂತು. ನನಗೆ ಹೆದರಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಖುಷಿಯಾಯಿತು, ಆ ಖುಷಿಗೆ ನಾಚಿಕೆಯೂ ಆಯಿತು. ಬಾಳವ್ವ ಎದ್ದು ಬಂದು ಮೊಮ್ಮಗಳ ಕೆನ್ನೆಯನ್ನು ಹಿಟ್ಟಿನ ಕೈಯಲ್ಲೇ ಮುಟ್ಟಿ ಮುಟ್ಟಿ ನೋಡಿದಳು.

ಕಸ್ತೂರಿ ನೆಲದ ಮೇಲಿದ್ದವನನ್ನು ನೋಡಿದಳು. ಅವಳ ತುಟಿ ತೆರೆಯುವುದನ್ನು ಕಂಡು ನಾನು ಓಡಿಹೋಗಿ ಅವಳ ಬಾಯನ್ನು ಅಂಗೈಯಿಂದ ಒತ್ತಿ ಹಿಡಿದೆ. ಬೇಡ, ಅದು ಅವರ ಹತ್ತಿರವೇ ಇರಲಿ, ಹಣ ಕೊಡುವ ಅಧಿಕಾರ ಇರುವವರ ಹತ್ತಿರ ಅಂದೆ. ಅವಳು ತಲೆಯಾಡಿಸುವವರೆಗೂ ಕೈ ತೆಗೆಯಲಿಲ್ಲ. ಬಾಳವ್ವ ಒಂದು ಚೊಂಬು ನೀರು ತಂದು ಸಪ್ರೆಯ ಪಕ್ಕದಲ್ಲಿಟ್ಟಳು. ಅವನು ಕುಡಿಯಲಿಲ್ಲ. ಮದುವೆಯೇ ಆಗದ ಆ ಹುಡುಗ ಹೆಂಡತಿ ಸತ್ತವನ ಹಾಗೆ ಅಳುತ್ತಿದ್ದ. ಪಕ್ಕೆಯ ಮೇಲೆ ಕೈಯಿಟ್ಟು, ಇದು ಯಾರದು ಎಂದು ಕೇಳಿದ. ಎಲ್ಲ ನೋವುಗಳ ಜಾಗವೂ ಕಸ್ತೂರಿಗೆ ಬಾಯಿಪಾಠವಾಗಿತ್ತು. ಅದು ಸೀರೆ ತೆಗೆದಿಡುತ್ತಿದ್ದ ಮುದುಕರದು ಅಂದಳು.

“ಅವರಿಗೆ ನಾವು ಏನು ಹೇಳಿದ್ವಿ?” ಅಂದ ಸಪ್ರೆ.

ಕಸ್ತೂರಿ ಮಂಚದಿಂದ ಇಳಿದು ಅವನ ಎದುರಿಗೆ ನೆಲದ ಮೇಲೆ ಕೂತಳು.

“ರೊಕ್ಕಾ ಬರೂದಿಲ್ಲ ಅಂತ ಹೇಳಿದ್ವಿ ಸರ್,” ಅಂದಳು. “ನಾ ಭಾಳ ಚಂದ ಹೇಳಿದೆ.”